ಮಿನಿಯಾಪೊಲಿಸ್‌ನ ಚಳಿಗಾಲದಲ್ಲಿ ಎಲೆ ಉದುರಿಸಿದ ಫೈಕಸ್ ಬೋನ್ಸಾಯ್: ಒಂದು ಪ್ರಕರಣ ಅಧ್ಯಯನ

ಚಳಿ ದೇಶಗಳಲ್ಲಿ ಉಷ್ಣವಲಯದ ಬೋನ್ಸಾಯ್ ಸಾಕುವವರ ಮನೆಯಲ್ಲಿ ಡಿಸೆಂಬರ್, ಜನವರಿಯ ಹೊತ್ತಿಗೆ ಗಿಡ ಸೊರಗಿದರೆ ಮೊದಲು ಚಳಿಯ ಮೇಲೆ ಸಂಶಯ ಬರುತ್ತದೆ, ಆಮೇಲೆ ಒಣಗಾಳಿಯ ಮೇಲೆ, ಕೊನೆಗೆ ನೀರು ಸಾಲದೇನೋ ಎಂಬ ಅನುಮಾನ ಹುಟ್ಟುತ್ತದೆ. ಇಲ್ಲಿ ವಿವರಿಸಿರುವ ಮರದ ತೊಂದರೆಗೆ ಈ ಮೂರರಲ್ಲಿ ಯಾವುದೂ ಮೂಲ ಕಾರಣವಾಗಿರಲಿಲ್ಲ. ಅದು ಮೊದಲು ನರಳಿದ್ದು ಬೆಳಕಿಲ್ಲದೆ. ಬೆಳಕಿಲ್ಲದೆ ಉದುರಿದ ಎಲೆಗಳನ್ನು ಬಾಯಾರಿಕೆಯ ಲಕ್ಷಣವೆಂದು ತಿಳಿದು ಹಾಕಿದ ನೀರು ನಂತರ ಅದರ ಬೇರನ್ನು ಕೊಳೆಸಿತು. ಇದೇ ಕ್ರಮದಲ್ಲಿ ಸಾಯುವ ಬೋನ್ಸಾಯ್‌ಗಳು ಬಹಳವಾದುದರಿಂದ, ಮತ್ತು ಈ ಮರ ಅದೃಷ್ಟವಶಾತ್ ಉಳಿದುಕೊಂಡದ್ದರಿಂದ, ನಡೆದದ್ದನ್ನು ಮನೆಯವರ ಒಪ್ಪಿಗೆ ಪಡೆದು ಪೂರ್ತಿಯಾಗಿ ದಾಖಲಿಸುತ್ತಿದ್ದೇನೆ.

ಮರವನ್ನು ಸಾಕುತ್ತಿರುವವರು ಮೈಸೂರಿನಲ್ಲಿ ಬೆಳೆದು, ಈಗ ಅಮೆರಿಕದ ಮಿನ್ನೆಸೋಟ ರಾಜ್ಯದ ಮಿನಿಯಾಪೊಲಿಸ್‌ನಲ್ಲಿ ಕೆಲಸದಲ್ಲಿರುವ ಮಹಿಳೆ. ಅವರ ತವರಿನ ತಾರಸಿಯ ಮೇಲೆ ಕುಬ್ಜ ಮರಗಳ ಸಾಲೇ ಇತ್ತು; ಮೈಸೂರಿನ ಗಣಪತಿ ಸಚ್ಚಿದಾನಂದ ಆಶ್ರಮದ ಕಿಷ್ಕಿಂಧಾ ಮೂಲಿಕಾ ಬೋನ್ಸಾಯ್ ಉದ್ಯಾನವನ್ನು ಬಾಲ್ಯದಿಂದ ನೋಡಿದ್ದವರು. ಹೀಗಾಗಿ ಅವರನ್ನು ಅನನುಭವಿ ಎನ್ನುವಂತಿಲ್ಲ. ಮಣ್ಣಿನ ಸಮೇತ ಗಿಡವನ್ನು ಅಮೆರಿಕದೊಳಗೆ ತರಲು ಅನುಮತಿ ಇಲ್ಲವಾದ್ದರಿಂದ ಅವರು ಮೇ ತಿಂಗಳಲ್ಲಿ ಅಲ್ಲಿಯ ನರ್ಸರಿಯೊಂದರಿಂದಲೇ ಸುಮಾರು 40 ಸೆಂಟಿಮೀಟರ್ ಎತ್ತರದ ಫೈಕಸ್ ಮೈಕ್ರೊಕಾರ್ಪ ಮರವನ್ನು ಕೊಂಡರು. ಇದು ನಮ್ಮ ಆಲ, ಅರಳಿ, ಅತ್ತಿ, ಗೋಳಿಗಳ ಬಳಗದ ಮರ. ಭಾರತದಿಂದ ಆಗ್ನೇಯ ಏಷ್ಯಾವನ್ನು ಹಾದು ಆಸ್ಟ್ರೇಲಿಯಾದವರೆಗೆ ಇದರ ಸಹಜ ನೆಲೆ ಹಬ್ಬಿದೆ. ಕತ್ತರಿಸಿದಷ್ಟೂ ಚಿಗುರುವ, ಬೇರಿನ ಗಾಯಗಳನ್ನು ತಡೆದುಕೊಳ್ಳುವ ಗುಣದಿಂದಾಗಿ ಮನೆಯೊಳಗಿನ ಬೋನ್ಸಾಯ್‌ಗೆ ಇದಕ್ಕಿಂತ ಸಹನಶೀಲ ಮರವನ್ನು ಹುಡುಕುವುದು ಕಷ್ಟ. ಬೇಸಿಗೆಯಿಡೀ ಮರ ಬಾಲ್ಕನಿಯಲ್ಲಿ ನೇರ ಬಿಸಿಲಿಗೆ ನಿಂತು ದಟ್ಟವಾದ, ಗಟ್ಟಿಯಾದ, ಹೊಳೆಯುವ ಎಲೆಗಳಿಂದ ತುಂಬಿಕೊಂಡಿತು.

ಸೆಪ್ಟೆಂಬರ್ ಕೊನೆಯ ವಾರ, ರಾತ್ರಿಯ ತಾಪ 8 ಡಿಗ್ರಿ ಸೆಲ್ಸಿಯಸ್‌ಗೆ ಇಳಿದಾಗ, ಅದನ್ನು ಒಳಗೆ ತಂದು ಹಜಾರದ ಸಣ್ಣ ಮೇಜಿನ ಮೇಲೆ ಇಟ್ಟರು. ಹತ್ತಿರದ ಕಿಟಕಿ ಪೂರ್ವಕ್ಕಿತ್ತು. ಕಿಟಕಿಗೂ ಮರಕ್ಕೂ ಒಂದೂವರೆ ಮೀಟರ್ ಅಂತರ. ಕಿಟಕಿಯ ಎದುರಿಗೆ ಇನ್ನೊಂದು ಕಟ್ಟಡ. ಅಕ್ಟೋಬರ್ ಸುಮ್ಮನೆ ಕಳೆಯಿತು. ನವೆಂಬರ್ ಮಧ್ಯದಿಂದ ಒಳಕೊಂಬೆಗಳ ಎಲೆಗಳು ಹಳದಿಗಟ್ಟಿ ಬೀಳತೊಡಗಿದವು. ಫೋನಿನಲ್ಲಿ ತಾಯಿ, "ಅಲ್ಲಿ ಹೀಟರ್ ಹಾಕಿರ್ತೀರಲ್ಲಮ್ಮ, ಮಣ್ಣು ಒಣಗಿಹೋಗತ್ತೆ, ಇನ್ನೊಂದು ಚೂರು ನೀರು ಹಾಕು" ಎಂದರು. ಮಾರ್ಚ್ ತಿಂಗಳ ಮೈಸೂರಿನ ತಾರಸಿಯ ಮಟ್ಟಿಗೆ ಅದು ನೂರಕ್ಕೆ ನೂರು ಸರಿಯಾದ ಸಲಹೆ. ಮಗಳು ಮುಟ್ಟಿ ನೋಡಿದಾಗ ಮೇಲ್ಮಣ್ಣು ನಿಜವಾಗಿಯೂ ಒಣಗಿತ್ತು. ಎರಡು ದಿನಕ್ಕೊಮ್ಮೆ ಹಾಕುತ್ತಿದ್ದ ನೀರನ್ನು ದಿನವೂ ಹಾಕತೊಡಗಿದರು. ಎಲೆ ಉದುರುವುದು ನಿಲ್ಲದಿದ್ದಾಗ ಗಾಳಿಯ ತೇವ ಹೆಚ್ಚಿಸುವ ಯಂತ್ರ ಬಂತು, ಬೆಣಚುಕಲ್ಲು ತುಂಬಿದ ನೀರಿನ ತಟ್ಟೆ ಬಂತು, ಡಿಸೆಂಬರ್‌ನಲ್ಲಿ ಬೆಳಕು ಸಿಗಲೆಂದು ಕುಂಡವನ್ನು ಕಿಟಕಿಯ ಹಲಗೆಗೆ, ಗಾಜಿಗೆ ತಾಗುವಂತೆ ಸರಿಸಿದ್ದೂ ಆಯಿತು. ಜನವರಿಯ ಎರಡನೆಯ ವಾರ ನಾನು ಮರವನ್ನು ನೋಡುವಾಗ ಮುಕ್ಕಾಲು ಪಾಲು ಎಲೆ ಹೋಗಿತ್ತು, ಉಳಿದವು ಜೋತುಬಿದ್ದಿದ್ದವು, ಎಡಗಡೆಯ ಕೆಳಕೊಂಬೆಯ ತುದಿಗಳು ಸುಕ್ಕುಗಟ್ಟಿದ್ದವು.

ಇಂಥ ಸ್ಥಿತಿಯಲ್ಲಿ ಮೊದಲು ತಿಳಿಯಬೇಕಾದದ್ದು ಮರಕ್ಕೆ ಜೀವವಿದೆಯೇ ಎಂಬುದು. ಫೈಕಸ್ ಜಾತಿಯಲ್ಲಿ ಇದು ಸುಲಭ. ಉಗುರಿನಿಂದ ತೊಗಟೆಯನ್ನು ಸ್ವಲ್ಪ ಕೆರೆದರೆ ಕೆಳಗೆ ಹಸಿರು ಪದರ ಕಾಣಬೇಕು, ಹಾಲು ಜಿನುಗಬೇಕು. ಕಾಂಡದಲ್ಲಿಯೂ ಮುಖ್ಯ ಕೊಂಬೆಗಳಲ್ಲಿಯೂ ಎರಡೂ ಕಂಡವು. ಎಡಗಡೆಯ ಕೆಳಕೊಂಬೆಯಲ್ಲಿ ಮಾತ್ರ ಕೆರೆದ ಜಾಗ ಕಂದಾಗಿತ್ತು, ಹಾಲು ಬರಲಿಲ್ಲ. ಅನಂತರ ಎಲೆಗಳ ಅಡಿಭಾಗವನ್ನೂ ಕೊಂಬೆಗಳ ಕವಲುಗಳನ್ನೂ ಭೂತಗನ್ನಡಿಯಲ್ಲಿ ನೋಡಿದೆವು. ಬೆಚ್ಚಗಿನ ಒಣ ಕೋಣೆಗಳಲ್ಲಿ ಜೇಡನುಸಿ, ಶಲ್ಕ ಕೀಟ, ಹಿಟ್ಟು ತಿಗಣೆ ಮೂರೂ ಬೇಗ ಹೆಚ್ಚುತ್ತವೆ, ಮತ್ತು ಎಲೆ ಉದುರಲು ಅವೂ ಕಾರಣವಾಗಬಲ್ಲವು. ಇಲ್ಲಿ ಎರಡು ಎಲೆಗಳ ಮಧ್ಯನರದ ಮೇಲೆ ಕೆಲವು ಶಲ್ಕ ಕೀಟಗಳಿದ್ದವು, ಎಲೆಯ ಮೇಲೆ ಅವುಗಳ ಅಂಟುರಸವಿತ್ತು. ಆದರೆ ಇಷ್ಟು ದೊಡ್ಡ ಹಾನಿಗೆ ಅಷ್ಟು ಕೀಟ ಸಾಲದು. ಅವನ್ನು ಒದ್ದೆ ಬಟ್ಟೆಯಿಂದ ಒರೆಸಿ ತೆಗೆದೆವು.

ಬೆಳಕನ್ನು ಅಳೆದಾಗ ಚಿತ್ರ ಸ್ಪಷ್ಟವಾಯಿತು. ಮೋಡ ಕವಿದ ಮಧ್ಯಾಹ್ನದಲ್ಲಿ, ಮರ ಎರಡು ತಿಂಗಳು ನಿಂತಿದ್ದ ಮೇಜಿನ ಮೇಲೆ ಬೆಳಕಿನ ಮಾಪಕ 600 ಲಕ್ಸ್ ತೋರಿಸಿತು. ನಮ್ಮ ಕಣ್ಣಿಗೆ ಆ ಜಾಗ ಕತ್ತಲೆ ಎನಿಸುವುದೇ ಇಲ್ಲ. ಅಲ್ಲಿ ಕುಳಿತು ಆರಾಮವಾಗಿ ಪುಸ್ತಕ ಓದಬಹುದು. ಬೇಸಿಗೆಯ ನಡುಹಗಲಿನ ಬಯಲಿನಲ್ಲಿ ಒಂದು ಲಕ್ಷ ಲಕ್ಸ್‌ನಷ್ಟು ಬೆಳಕಿರುತ್ತದೆ. ಕಣ್ಣು ಬೆಳಕಿಗೆ ತಕ್ಕಂತೆ ಹೊಂದಿಕೊಂಡು ಈ ಅಗಾಧ ವ್ಯತ್ಯಾಸವನ್ನು ನಮ್ಮಿಂದ ಮರೆಮಾಡುತ್ತದೆ. ಎಲೆಗೆ ಅಂಥ ಅನುಕೂಲವಿಲ್ಲ. ಗಿಡಕ್ಕೆ ಮುಖ್ಯವಾಗುವುದು ದಿನವೊಂದರಲ್ಲಿ ಒಟ್ಟಾಗಿ ಸಿಗುವ ಬೆಳಕು, ಅದನ್ನು ಪ್ರತಿ ಚದರ ಮೀಟರಿಗೆ ಇಷ್ಟು ಮೋಲ್ (ಬೆಳಕಿನ ಕಣಗಳನ್ನು ಎಣಿಸುವ ಅಳತೆ) ಎಂದು ಎಣಿಸುತ್ತಾರೆ. ಸಹಜ ಬೆಳಕಿನಲ್ಲಿ 54 ಲಕ್ಸ್ ಅಂದರೆ ಸೆಕೆಂಡಿಗೆ ಸುಮಾರು ಒಂದು ಮೈಕ್ರೊಮೋಲ್, ಎಂದರೆ ಮೋಲ್‌ನ ಹತ್ತು ಲಕ್ಷದ ಒಂದು ಪಾಲು. ಆ ಲೆಕ್ಕದಲ್ಲಿ 600 ಲಕ್ಸ್ ಬೆಳಕು ಎಂಟು ಗಂಟೆ ಒಂದೇ ಸಮನಾಗಿ ಬಿದ್ದಿದ್ದರೂ ದಿನಕ್ಕೆ ಒಂದು ಮೋಲ್‌ನ ಮೂರನೆಯ ಒಂದು ಪಾಲು ಮಾತ್ರ. ಜೂನ್ ತಿಂಗಳಿನಲ್ಲಿ ಅದೇ ಊರಿನ ತೆರೆದ ಬಾಲ್ಕನಿಯಲ್ಲಿ ಮರಕ್ಕೆ ದಿನಕ್ಕೆ 40 ಮೋಲ್‌ನ ಆಸುಪಾಸು ಸಿಗುತ್ತಿತ್ತು. ಅಂದರೆ ಮರದ ಆದಾಯ ನೂರಕ್ಕೆ ಒಂದಕ್ಕಿಂತ ಕೆಳಗಿಳಿದಿತ್ತು.

ಇದಕ್ಕೆ ಭೂಗೋಳವೂ ಕಾರಣ. ಮಿನಿಯಾಪೊಲಿಸ್ 45 ಡಿಗ್ರಿ ಉತ್ತರ ಅಕ್ಷಾಂಶದಲ್ಲಿದೆ. ಡಿಸೆಂಬರ್ 21ರ ಸುಮಾರಿಗೆ ಅಲ್ಲಿ ಹಗಲು ಒಂಬತ್ತು ಗಂಟೆಯೂ ಇರುವುದಿಲ್ಲ, ನಡುಹಗಲಿನಲ್ಲಿಯೂ ಸೂರ್ಯ ಕ್ಷಿತಿಜದಿಂದ ಸುಮಾರು 22 ಡಿಗ್ರಿಯಷ್ಟೇ ಮೇಲಿರುತ್ತಾನೆ. ಅದೇ ದಿನ ಮೈಸೂರಿನಲ್ಲಿ ಹಗಲು ಹನ್ನೊಂದು ಗಂಟೆ ಮೀರಿರುತ್ತದೆ, ಸೂರ್ಯ 54 ಡಿಗ್ರಿ ಎತ್ತರದಲ್ಲಿರುತ್ತಾನೆ. ಉಷ್ಣವಲಯದ ಮರವೊಂದು ತನ್ನ ಪೂರ್ವಜರ ನೆಲೆಯಲ್ಲಿ ಎಂದೂ ಕಾಣದಷ್ಟು ಗಿಡ್ಡ ಹಗಲು ಅದು. ಕೋಣೆಯನ್ನು 21 ಡಿಗ್ರಿಯಲ್ಲಿ ಇಟ್ಟು ನಾವು ಮರಕ್ಕೆ ಉಷ್ಣವಲಯವನ್ನು ಕೊಟ್ಟೆವೆಂದು ಭಾವಿಸುತ್ತೇವೆ; ಕೊಟ್ಟದ್ದು ಅದರ ಅರ್ಧವನ್ನು ಮಾತ್ರ. ವಾಸ್ತವದಲ್ಲಿ ಬೆಚ್ಚಗಿನ ಕತ್ತಲೆ ತಂಪಾದ ಕತ್ತಲೆಗಿಂತ ಕೆಟ್ಟದ್ದು, ಏಕೆಂದರೆ ತಾಪ ಹೆಚ್ಚಿದಷ್ಟೂ ಮರದ ಉಸಿರಾಟ ಹೆಚ್ಚುತ್ತದೆ, ಕೂಡಿಟ್ಟ ಸಕ್ಕರೆ ಅಷ್ಟೇ ಬೇಗ ಕರಗುತ್ತದೆ.

ಎಲೆ ಉದುರಿದ ರೀತಿಯೂ ಇದಕ್ಕೆ ಹೊಂದುತ್ತದೆ. ಬಿಸಿಲಿನಲ್ಲಿ ಮೂಡಿದ ಎಲೆ ದಪ್ಪವಾಗಿರುತ್ತದೆ, ಅದರೊಳಗೆ ಜೀವಕೋಶಗಳ ಪದರ ಹೆಚ್ಚು, ಅದನ್ನು ಸಾಕುವ ಖರ್ಚೂ ಹೆಚ್ಚು. ಬೆಳಕು ಕುಸಿದಾಗ ಆ ಎಲೆ ಗಳಿಸುವುದಕ್ಕಿಂತ ಹೆಚ್ಚು ತಿನ್ನುತ್ತದೆ. ಆಗ ಮರ ಅತ್ಯಂತ ನೆರಳಿನಲ್ಲಿರುವ ಒಳ ಎಲೆಗಳಿಂದ ಆರಂಭಿಸಿ ಒಂದೊಂದನ್ನೇ ಕಳಚಿಹಾಕಿ, ನೆರಳಿಗೆ ತಕ್ಕ ತೆಳು ಎಲೆಗಳನ್ನು ಹೊಸದಾಗಿ ಕಟ್ಟಲು ನೋಡುತ್ತದೆ. ಹೊಸದನ್ನು ಕಟ್ಟಲು ಕೂಡ ಬಂಡವಾಳ ಬೇಕು. ನವೆಂಬರ್‌ನಲ್ಲಿ ಈ ಮನೆಯಲ್ಲಿ ನಡೆದದ್ದು ಇಷ್ಟೇ, ಮತ್ತು ಅಷ್ಟಕ್ಕೇ ನಿಂತಿದ್ದರೆ ಮರ ಅಪಾಯಕ್ಕೆ ಸಿಲುಕುತ್ತಿರಲಿಲ್ಲ.

ಅಪಾಯ ಬಂದದ್ದು ನೀರಿನಿಂದ. ಮರ ಹೀರುವ ನೀರಿನ ಬಹುಪಾಲು ಎಲೆಗಳಿಂದ ಆವಿಯಾಗಿ ಹೋಗುತ್ತದೆ. ಅರ್ಧ ಎಲೆ ಉದುರಿ, ಉಳಿದ ಎಲೆಗೂ ಬೆಳಕಿಲ್ಲದಿದ್ದಾಗ ಕುಂಡದಿಂದ ನೀರು ಹೊರಹೋಗುವ ದಾರಿಯೇ ಮುಚ್ಚಿದಂತೆ. ಇತ್ತ ಹೀಟರ್‌ನ ಒಣಗಾಳಿ ಮೇಲ್ಮಣ್ಣಿನ ಒಂದು ಸೆಂಟಿಮೀಟರನ್ನು ಗಂಟೆಗಳಲ್ಲಿ ಒಣಗಿಸುತ್ತದೆ, ಒಳಗಿನದು ಒದ್ದೆಯಾಗಿಯೇ ಉಳಿಯುತ್ತದೆ. ಹಾಗಾಗಿ ಮೇಲ್ಮಣ್ಣನ್ನು ಮುಟ್ಟಿ ನೀರು ಹಾಕುವ ಅಭ್ಯಾಸ, ಬೇರೆಲ್ಲ ಋತುವಿನಲ್ಲಿ ತಕ್ಕಮಟ್ಟಿಗೆ ನಂಬಬಹುದಾದದ್ದು, ಹೀಟರ್ ಉರಿಯುವ ಮನೆಯಲ್ಲಿ ಸುಳ್ಳು ಹೇಳುತ್ತದೆ. ಮರದ ಕಡ್ಡಿಯೊಂದನ್ನು ಕುಂಡದ ತಳದವರೆಗೆ ಚುಚ್ಚಿ ಹತ್ತು ನಿಮಿಷ ಬಿಟ್ಟು ಎಳೆದೆವು. ಕಡ್ಡಿ ತೊಯ್ದು ಕಪ್ಪಾಗಿತ್ತು, ಕೊಳೆತ ವಾಸನೆ ಹೊಡೆಯುತ್ತಿತ್ತು. ನರ್ಸರಿಯಿಂದ ಬಂದ ಮಣ್ಣು ಬಹುತೇಕ ಪೀಟ್, ಅಂದರೆ ಜೌಗು ನೆಲದಲ್ಲಿ ಅರೆಕೊಳೆತ ಸಸ್ಯಗಳ ಪುಡಿ; ಅದು ನೀರನ್ನು ಸ್ಪಂಜಿನ ಹಾಗೆ ಹಿಡಿಯುತ್ತದೆ, ಆಳವಿಲ್ಲದ ಬೋನ್ಸಾಯ್ ಕುಂಡದಲ್ಲಿ ಆ ನೀರು ಕೆಳಗಿಳಿಯುವುದೂ ಇಲ್ಲ. ಗಾಳಿಯಿಲ್ಲದ ಮಣ್ಣಿನಲ್ಲಿ ಬೇರು ಉಸಿರುಗಟ್ಟುತ್ತದೆ, ಕೊಳೆಯುವ ಬೇರು ನೀರೆಳೆಯಲಾರದು, ನೀರು ಸಿಗದ ಎಲೆ ಜೋತುಬೀಳುತ್ತದೆ, ಜೋತುಬಿದ್ದ ಎಲೆಯನ್ನು ಕಂಡವರು ಮತ್ತೆ ನೀರು ಹಾಕುತ್ತಾರೆ.

ಕಿಟಕಿಯ ಹಲಗೆಗೆ ಸರಿಸಿದ್ದು ಬೆಳಕಿನ ದೃಷ್ಟಿಯಿಂದ ಒಳ್ಳೆಯ ಯೋಚನೆಯೇ ಆಗಿತ್ತು. ಆದರೆ ಹೊರಗೆ 20 ಡಿಗ್ರಿ ಮೈನಸ್ ಇರುವ ರಾತ್ರಿಗಳಲ್ಲಿ ಎರಡು ಪದರದ ಗಾಜಿನ ಒಳಮೈಯೂ ತಣ್ಣಗಾಗುತ್ತದೆ. ಕೋಣೆ 20 ಡಿಗ್ರಿ ಇದ್ದ ಬೆಳಗ್ಗೆ ಕುಂಡದ ಮಣ್ಣಿನಲ್ಲಿ ಥರ್ಮಾಮೀಟರ್ 11 ಡಿಗ್ರಿ ತೋರಿಸಿತು. ಅದರ ಮೇಲೆ ನಲ್ಲಿಯಿಂದ ನೇರವಾಗಿ ಹಿಡಿದ, ಕೈ ಜೋಮುಹಿಡಿಯುವಷ್ಟು ತಣ್ಣನೆಯ ನೀರು. ಚಳಿಯ ಪಾತ್ರವೇನಾದರೂ ಇದ್ದರೆ ಅದು ಇಲ್ಲಿ, ಬೇರಿನಲ್ಲಿ ಇತ್ತು.

ಗಾಳಿಯ ತೇವದ ಬಗ್ಗೆ ಸ್ವಲ್ಪ ವಿವರವಾಗಿ ಹೇಳಬೇಕು, ಏಕೆಂದರೆ ಈ ಮನೆಯವರು ಹಣವನ್ನೂ ಶ್ರಮವನ್ನೂ ಹೆಚ್ಚಾಗಿ ಹಾಕಿದ್ದು ಅದಕ್ಕೇ. ಮೈನಸ್ 20 ಡಿಗ್ರಿಯ ಗಾಳಿ ಒಂದು ಘನ ಮೀಟರಿಗೆ ಹೆಚ್ಚೆಂದರೆ ಒಂದು ಗ್ರಾಂ ನೀರಾವಿಯನ್ನು ಹಿಡಿದಿಟ್ಟುಕೊಳ್ಳಬಲ್ಲದು. 21 ಡಿಗ್ರಿಯ ಗಾಳಿ 18 ಗ್ರಾಂ ಹಿಡಿಯುತ್ತದೆ. ಹೊರಗಿನ ಗಾಳಿ ಮನೆಯೊಳಗೆ ಬಂದು ಬೆಚ್ಚಗಾದಾಗ ಅದರ ಸಾಪೇಕ್ಷ ಆರ್ದ್ರತೆ ನೂರಕ್ಕೆ ಐದಾರಕ್ಕೆ ಕುಸಿಯುತ್ತದೆ. ಅಡುಗೆ, ಸ್ನಾನ, ಜನರ ಉಸಿರು ಸೇರಿ ಅದು 20ರ ಸುಮಾರಿಗೆ ಏರುತ್ತದೆ, ಅಷ್ಟೇ. ಯಂತ್ರದಿಂದ ಅದನ್ನು 50ಕ್ಕೆ ಏರಿಸಹೊರಟರೆ ತಣ್ಣನೆಯ ಗಾಜಿನ ಮೇಲೆ ನೀರು ಹನಿಗಟ್ಟಿ, ಹೆಪ್ಪುಗಟ್ಟಿ, ಕಿಟಕಿಯ ಚೌಕಟ್ಟಿಗೆ ಬೂಷ್ಟು ಹಿಡಿಯುತ್ತದೆ. ಇಲ್ಲಿ ಹಿಡಿದೂ ಇತ್ತು. ಬೆಣಚುಕಲ್ಲಿನ ತಟ್ಟೆಯಿಂದ ಏಳುವ ಆವಿ ಕೋಣೆಯಲ್ಲಿ ಹರಡಿಹೋಗುವುದರಿಂದ ಎಲೆಗಳ ಮಟ್ಟದಲ್ಲಿ ಅದರ ಪರಿಣಾಮ ಅತ್ಯಲ್ಪ. ಫೈಕಸ್ ಮೈಕ್ರೊಕಾರ್ಪದ ಎಲೆಗೆ ದಪ್ಪ ಮೇಣದ ಹೊದಿಕೆ ಇದೆ; ಬೇರು ಆರೋಗ್ಯವಾಗಿದ್ದು ಬೆಳಕು ಸಿಕ್ಕರೆ 25, 30ರ ಆರ್ದ್ರತೆಯಲ್ಲಿ ಅದು ಚೆನ್ನಾಗಿಯೇ ಬೆಳೆಯುತ್ತದೆ. ಈ ಜಾತಿಯ ಮಟ್ಟಿಗೆ ತೇವಕ್ಕೆ ಖರ್ಚುಮಾಡುವ ಹಣವನ್ನು ದೀಪಕ್ಕೆ ಖರ್ಚುಮಾಡಬೇಕೆಂಬುದು ನನ್ನ ಖಚಿತ ಅಭಿಪ್ರಾಯ. ಆಲದ ಬಳಗದ ಬಿಳಲುಗಳು ಮಾತ್ರ ಇದಕ್ಕೆ ಹೊರತು. ಒಣಗಾಳಿಯಲ್ಲಿ ಅವು ಮೂಡಿ ಕೆಳಗಿಳಿಯುವುದಿಲ್ಲ, ಅವನ್ನು ಬಯಸುವವರು ಮರವನ್ನು ಗಾಜಿನ ಪೆಟ್ಟಿಗೆಯಲ್ಲಿಯೋ ಪ್ಲಾಸ್ಟಿಕ್ ಗುಡಾರದಲ್ಲಿಯೋ ಇಡಬೇಕಾಗುತ್ತದೆ.

ಚಿಕಿತ್ಸೆಯಲ್ಲಿ ಚರ್ಚೆಗೆ ಎಡೆಮಾಡಿದ್ದು ಮಣ್ಣು ಬದಲಿಸುವ ಪ್ರಶ್ನೆ. ನಿತ್ರಾಣಗೊಂಡ ಮರದ ಬೇರನ್ನು ಚಳಿಗಾಲದ ನಡುವೆ ಮುಟ್ಟಬಾರದೆಂಬುದು ಸಾಮಾನ್ಯ ನಿಯಮ, ಮತ್ತು ಬೆಳಕಿನ ಕೊರತೆಯೊಂದೇ ಆಗಿದ್ದರೆ ನಾನೂ ಮುಟ್ಟಲು ಬಿಡುತ್ತಿರಲಿಲ್ಲ. ಕೊಳೆತ ವಾಸನೆ ಆ ನಿಯಮವನ್ನು ಬದಿಗಿಡುವಂತೆ ಮಾಡಿತು. ಮರವನ್ನು ಕುಂಡದಿಂದ ಎತ್ತಿ ಪೀಟನ್ನು ಉಗುರುಬೆಚ್ಚಗಿನ ನೀರಿನಲ್ಲಿ ತೊಳೆದು ನೋಡಿದಾಗ ತಳದ ಬೇರುಗಳು ಕಪ್ಪಾಗಿ, ಹಿಡಿದೆಳೆದರೆ ಸಿಪ್ಪೆ ಕಳಚಿ ಬರುವಷ್ಟು ಮೆತ್ತಗಾಗಿದ್ದವು. ಕಾಂಡಕ್ಕೆ ಹತ್ತಿರದ ಮೇಲುಬೇರುಗಳು ಗಟ್ಟಿಯಾಗಿದ್ದವು. ಕೊಳೆತದ್ದನ್ನೆಲ್ಲ ಗಟ್ಟಿ ಬೇರು ಸಿಗುವವರೆಗೆ ಕತ್ತರಿಸಿ, ಮೂರರಿಂದ ಐದು ಮಿಲಿಮೀಟರ್ ಗಾತ್ರದ ಪ್ಯೂಮಿಸ್ ಎಂಬ ಹಗುರ ಜ್ವಾಲಾಮುಖಿ ಕಲ್ಲು, ಲಾವಾ ಕಲ್ಲು ಮತ್ತು ಅಕಡಾಮ ಎಂಬ ಜಪಾನೀ ಜೇಡಿಹರಳುಗಳ ಮಿಶ್ರಣದಲ್ಲಿ ನೆಟ್ಟೆವು. ಒಣಗಿದ ಕೊಂಬೆಯನ್ನು ತೆಗೆದೆವು. ಗೊಬ್ಬರ ಹಾಕಲಿಲ್ಲ. ಇಡೀ ಮರಕ್ಕೆ ಪಾರದರ್ಶಕ ಪ್ಲಾಸ್ಟಿಕ್ ಚೀಲ ಹೊದಿಸಿದೆವು. ಮೇಲೆ ತೇವದ ಬಗ್ಗೆ ಹೇಳಿದ್ದಕ್ಕೆ ಇದು ವಿರುದ್ಧವೆಂದು ತೋರಬಹುದು. ಆದರೆ ಬೇರಿನ ಬಹುಭಾಗ ಕಳೆದುಕೊಂಡ ಮರ ಎಲೆಯಿಂದ ಆರುವ ನೀರನ್ನು ತುಂಬಿಕೊಡಲಾರದ ಸ್ಥಿತಿಯಲ್ಲಿರುತ್ತದೆ; ಗಾಳಿಯ ತೇವ ನಿಜವಾಗಿ ಪ್ರಾಣ ಉಳಿಸುವುದು ಆ ಕೆಲವು ವಾರಗಳಲ್ಲಿ. ಕುಂಡದ ಕೆಳಗೆ ಬೀಜ ಮೊಳೆಸಲು ಬಳಸುವ ಬಿಸಿಚಾಪೆಯನ್ನಿಟ್ಟು ಬೇರಿನ ತಾಪವನ್ನು 24 ಡಿಗ್ರಿಯಲ್ಲಿ ನಿಲ್ಲಿಸಿದೆವು.

ದೀಪದ ವಿಷಯದಲ್ಲಿ ರಾಜಿ ಮಾಡಿಕೊಳ್ಳಲಿಲ್ಲ. ಮೊಂಟಾನಾ ರಾಜ್ಯದ ವೈಟ್‌ಫಿಶ್‌ನಂಥ ಹಿಮದ ಊರಿನಲ್ಲಿ ಬೋನ್ಸಾಯ್ ಪರಿಣತ ಜೆರ್ರಿ ಮೈಸ್ಲಿಕ್ ಅವರು ಮನೆಯೊಳಗೆ ಪ್ರಬಲ ದೀಪಗಳ ಕೆಳಗೆ ದೊಡ್ಡ ದೊಡ್ಡ ಫೈಕಸ್ ಬೋನ್ಸಾಯ್‌ಗಳನ್ನು ಬೆಳೆಸಿ ತೋರಿಸಿದ್ದಾರೆ. ಅವರು ಬಳಸುತ್ತಿದ್ದ ಮೆಟಲ್ ಹ್ಯಾಲೈಡ್ ದೀಪಗಳು ವಿಪರೀತ ಬಿಸಿಯಾಗುವಂಥವು, ವಿದ್ಯುತ್ತನ್ನೂ ಬಹಳ ಬೇಡುವಂಥವು. ಈಗ ಬಿಳಿ ಎಲ್‌ಇಡಿ ದೀಪಗಳು ಆ ಕೆಲಸವನ್ನು ಹಗುರವಾಗಿಸಿವೆ. ಇಲ್ಲಿ 100 ವಾಟ್‌ನ ಎಲ್‌ಇಡಿ ಫಲಕವನ್ನು ಮರದ ತುದಿಯಿಂದ ಒಂದಡಿ ಎತ್ತರಕ್ಕೆ ತೂಗುಹಾಕಿದಾಗ ಎಲೆಗಳ ಮಟ್ಟದಲ್ಲಿ ಮಾಪಕ ಸುಮಾರು 14,000 ಲಕ್ಸ್ ತೋರಿಸಿತು, ಅಂದರೆ ಹೆಚ್ಚುಕಡಿಮೆ ಸೆಕೆಂಡಿಗೆ 200 ಮೈಕ್ರೊಮೋಲ್. ಸಮಯಸೂಚಕ ಪ್ಲಗ್ ಮೂಲಕ ಬೆಳಗ್ಗೆ ಆರರಿಂದ ರಾತ್ರಿ ಎಂಟರವರೆಗೆ, ಹದಿನಾಲ್ಕು ಗಂಟೆ ಉರಿಸಿದರೆ ದಿನಕ್ಕೆ ಹತ್ತು ಮೋಲ್ ಆಗುತ್ತದೆ. ಬೇಸಿಗೆಯ ನಾಲ್ಕನೆಯ ಒಂದು ಪಾಲು ಅದು; ಹಿಂದೆ ಸಿಗುತ್ತಿದ್ದುದರ ಮೂವತ್ತು ಪಟ್ಟು. ವಿದ್ಯುತ್ ತಿಂಗಳಿಗೆ ನಲವತ್ತೆರಡು ಯೂನಿಟ್ ಖರ್ಚಾಗುತ್ತದೆ. ರಾತ್ರಿಯಲ್ಲಿ ದೀಪ ಆರಿಸಬೇಕು. ಗಿಡಕ್ಕೂ ವಿಶ್ರಾಂತಿಯ ಕತ್ತಲೆ ಬೇಕು.

ಫೆಬ್ರುವರಿ ಮೊದಲ ವಾರದಲ್ಲಿ ಎಲೆಯಿಲ್ಲದ ಕೊಂಬೆಗಳ ಮೇಲೆ ಹಸಿರು ಚುಕ್ಕೆಗಳು ಕಂಡವು. ಚೀಲವನ್ನು ಮೊದಲು ಮೂಲೆ ಬಿಚ್ಚಿ, ನಂತರ ತೂತು ಮಾಡಿ, ತಿಂಗಳ ಕೊನೆಗೆ ಪೂರ್ತಿ ತೆಗೆದರು. ಚಿಗುರು ಗಟ್ಟಿಯಾದ ಮೇಲೆ ದ್ರವಗೊಬ್ಬರವನ್ನು ಅರ್ಧ ಪ್ರಮಾಣದಲ್ಲಿ ಕೊಡಲಾಯಿತು. ಮಾರ್ಚ್ ವೇಳೆಗೆ ನೀರಿನ ಲೆಕ್ಕ ತಲೆಕೆಳಗಾಯಿತು: ಹರಳು ಮಿಶ್ರಣ, ಹೊಸ ಎಲೆ, ಹದಿನಾಲ್ಕು ಗಂಟೆಯ ಬೆಳಕು ಸೇರಿ ಕುಂಡ ಎರಡು ದಿನಕ್ಕೊಮ್ಮೆ ತಳದವರೆಗೆ ಒಣಗತೊಡಗಿತು. ಚಳಿಗಾಲದಲ್ಲಿ ನೀರು ಕಡಿಮೆ ಮಾಡಿ ಎಂದು ಎಲ್ಲ ಕಡೆ ಬರೆದಿರುತ್ತದೆ. ಅದು ಬೆಳಕಿಲ್ಲದ ಮರಕ್ಕೆ ಹೇಳಿದ ಮಾತು. ದೀಪದ ಕೆಳಗೆ ಬೆಳೆಯುತ್ತಿರುವ ಮರಕ್ಕೆ ಅದನ್ನೇ ಅನ್ವಯಿಸಿದರೆ ಆ ಮರ ನಿಜವಾಗಿಯೇ ಬಾಯಾರುತ್ತದೆ. ಕಡ್ಡಿಯನ್ನು ನೋಡಿ, ಕೋಣೆಯಲ್ಲಿ ರಾತ್ರಿಯಿಡೀ ಇಟ್ಟ ನೀರನ್ನು ಹಾಕುವುದು ಮನೆಯವರ ರೂಢಿಯಾಯಿತು.

ಮೇ ಕೊನೆಯಲ್ಲಿ, ರಾತ್ರಿಗಳು 12 ಡಿಗ್ರಿಗಿಂತ ಮೇಲೆ ನಿಂತಾಗ, ಮರ ಮತ್ತೆ ಬಾಲ್ಕನಿಗೆ ಹೋಯಿತು. ಒಳಗೆ ಮೂಡಿದ ಎಲೆ ತೆಳು, ಅದು ನೇರ ಬಿಸಿಲಿಗೆ ಸುಡುತ್ತದೆ. ಆದ್ದರಿಂದ ಮೊದಲ ಎರಡು ವಾರ ನೆರಳಿನಲ್ಲಿಟ್ಟು ಆಮೇಲೆ ಬಿಸಿಲಿಗೆ ಸರಿಸಲಾಯಿತು. ಆ ವರ್ಷ ಸೆಪ್ಟೆಂಬರ್‌ನಲ್ಲಿ ರಾತ್ರಿಯ ತಾಪ 12ಕ್ಕೆ ಇಳಿದ ಕೂಡಲೇ ಮರವನ್ನು ಒಳಗೆ ತಂದರು. ತರುವ ಮುನ್ನ ಎಲೆಗಳನ್ನು ತೊಳೆದು, ಬೇವಿನ ಎಣ್ಣೆಯ ದ್ರಾವಣ ಸಿಂಪಡಿಸಿ, ಶಲ್ಕ ಕೀಟವಿಲ್ಲವೆಂದು ಖಚಿತಪಡಿಸಿಕೊಂಡರು. ಮುಖ್ಯವಾಗಿ, ಎಲೆ ಉದುರುವವರೆಗೆ ಕಾಯದೆ ಒಳಗೆ ತಂದ ದಿನವೇ ದೀಪ ಹಚ್ಚಿದರು. ಎರಡನೆಯ ಚಳಿಗಾಲದಲ್ಲಿಯೂ ಅಕ್ಟೋಬರ್‌ನಲ್ಲಿ ಕೆಲವು ಒಳ ಎಲೆಗಳು ಬಿದ್ದವು. ಮಗಳು ಆಗ ನೀರಿನ ಚೊಂಬಿನ ಕಡೆ ಹೋಗಲಿಲ್ಲ. ನವೆಂಬರ್‌ನಿಂದ ಮರ ಚಿಗುರುತ್ತಲೇ ಇತ್ತು, ಜನವರಿಯಲ್ಲಿ ತುದಿಗಳನ್ನು ಚಿವುಟಬೇಕಾಯಿತು.

ಈ ವಿವರಗಳು ಆಲದ ಬಳಗಕ್ಕೆ ಹೊಂದುವಂಥವು. ಕಾರ್ಮೋನದಂಥ ಸೂಕ್ಷ್ಮ ಗಿಡ ಇಷ್ಟು ಬೇರು ಕಳೆದುಕೊಂಡು ಉಳಿಯುವುದು ಸಂಶಯ. ಜುನಿಪರ್, ಪೈನ್, ಮೇಪಲ್‌ಗಳ ಕಥೆಯಂತೂ ಪೂರ್ತಿ ಬೇರೆ: ಅವಕ್ಕೆ ಚಳಿಯ ನಿದ್ರೆ ಬೇಕೇ ಬೇಕು, ಬೆಚ್ಚಗಿನ ಹಜಾರದಲ್ಲಿ ಎಷ್ಟು ದೀಪ ಹಾಕಿದರೂ ಅವು ಬಾಳುವುದಿಲ್ಲ. ಕೊಳ್ಳುವ ಮುನ್ನ ಮರಗಳನ್ನು ನೋಡಿ ತಿಳಿಯಬಯಸುವ ಅಲ್ಲಿನ ಕನ್ನಡಿಗರು ಪಕ್ಕದ ಸೇಂಟ್ ಪಾಲ್ ನಗರದ ಕೋಮೊ ಪಾರ್ಕ್ ಗಾಜಿನ ಮನೆಯ ಬೋನ್ಸಾಯ್ ಸಂಗ್ರಹಕ್ಕೆ ಹೋಗಿಬರಬಹುದು.

ಎಡಗಡೆಯ ಕೆಳಕೊಂಬೆ ಮಾತ್ರ ಮತ್ತೆ ಬರಲಿಲ್ಲ. ಆ ಜಾಗದಲ್ಲಿ ಕಾಂಡ ಬೋಳಾಗಿದ್ದು ಮರದ ಸಮತೋಲ ಕೆಟ್ಟಿದೆ, ಅಲ್ಲಿ ತಾನಾಗಿ ಚಿಗುರೊಡೆಯುವ ಸೂಚನೆಯೂ ಇಲ್ಲ. ಬಲಗಡೆಯ ಒಂದು ಉದ್ದ ಕುಡಿಯನ್ನು ಕತ್ತರಿಸದೆ ಬೆಳೆಯಲು ಬಿಟ್ಟಿದ್ದಾರೆ. ಬರುವ ಜೂನ್‌ನಲ್ಲಿ, ಮರ ಹೊರಗೆ ಹೋಗಿ ರಸ ಜೋರಾಗಿ ಹರಿಯತೊಡಗಿದ ಮೇಲೆ, ಕಾಂಡಕ್ಕೆ ಸಣ್ಣ ರಂಧ್ರ ಕೊರೆದು, ಆ ಕುಡಿಯ ಎಲೆಗಳನ್ನು ತೆಗೆದು ರಂಧ್ರದ ಮೂಲಕ ಆಚೆ ತೂರಿಸಿ ಕಸಿ ಮಾಡುವ ಯೋಜನೆಯಿದೆ. ಕುಡಿ ದಪ್ಪವಾಗಿ ಕಾಂಡಕ್ಕೆ ಬೆಸೆದುಕೊಂಡ ಮೇಲಷ್ಟೇ ಅದನ್ನು ತಾಯಿಕೊಂಬೆಯಿಂದ ಬೇರ್ಪಡಿಸಬೇಕು. ಅದು ಶರತ್ಕಾಲದೊಳಗೆ ಆಗದಿದ್ದರೆ ಕಸಿಯ ಸಮೇತ ಮರ ಇನ್ನೊಂದು ಚಳಿಗಾಲವನ್ನು ದೀಪದ ಕೆಳಗೆ ಕಳೆಯಬೇಕಾಗುತ್ತದೆ.